ಗೆರೆ ಮೊದಲು ಎತ್ತ ಹೊರಳಿತು

ವಸಂತಪುರ
೮ ಜನವರಿ ೨೦೨೫

ಚಕ್ರಪಾಣಿ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಪುಸ್ತಕದ ಮೂರನೇ ಅಧ್ಯಾಯದ ಕರಡನ್ನು ಇದರ ಜೊತೆ ಕಳಿಸಿದ್ದೇನೆ. ತಿಲಕ್ ನಗರದ ನಮ್ಮ ಪ್ರೆಸ್ಸಿನಲ್ಲಿ ಕರಡು ತಿದ್ದುವವರು ಲೇಖಕರಿಗೆ ನೇರವಾಗಿ ಬರೆಯುವ ಪದ್ಧತಿಯಿಲ್ಲ. ಆದರೂ ಬರೆಯುತ್ತಿದ್ದೇನೆ. ನಿಮಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಫೋನ್ ಮಾಡಬೇಡಿ ಎಂದು ನಮ್ಮ ಮಾಲೀಕರು ಹೇಳಿದಾಗ ನನಗೆ ಸಮಾಧಾನವೇ ಆಯಿತು. ಫೋನಿನಲ್ಲಾಗಿದ್ದರೆ ಇದನ್ನು ಕೇಳುತ್ತಲೇ ಇರಲಿಲ್ಲ.

ನಲವತ್ತೊಂದನೇ ಪುಟದಲ್ಲಿ ನೀವು ಬರೆದಿದ್ದೀರಿ: ನೆಲದೊಳಗೆ ಸ್ಫೋಟವಾದರೆ ಅದು ಸುತ್ತಲಿನ ನೆಲವನ್ನು ಎಲ್ಲ ದಿಕ್ಕಿಗೂ ಹೊರಗೆ ತಳ್ಳುತ್ತದೆ. ಆದ್ದರಿಂದ ಎಲ್ಲಿ ಅಳೆದರೂ ನಡುಕ ದಾಖಲಿಸುವ ಉಪಕರಣದ ಗೆರೆ ಮೊದಲು ಮೇಲಕ್ಕೇ ಹೊರಳುತ್ತದೆ. ಭೂಕಂಪದಲ್ಲಿ ಬಂಡೆಯ ಎರಡು ಪಕ್ಕಗಳು ಉಜ್ಜಿಕೊಂಡು ಜಾರುವುದರಿಂದ ಕೆಲವು ಕಡೆ ತಳ್ಳಿದಂತೆ, ಕೆಲವು ಕಡೆ ಎಳೆದಂತೆ ಆಗಿ, ಗೆರೆ ಒಂದೆಡೆ ಮೇಲಕ್ಕೆ, ಇನ್ನೊಂದೆಡೆ ಕೆಳಕ್ಕೆ ಹೋಗುತ್ತದೆ. ಯಾವುದೋ ದೇಶ ಗುಟ್ಟಾಗಿ ಮಾಡಿದ ಅಣು ಪರೀಕ್ಷೆಯನ್ನು ಸಾವಿರಾರು ಮೈಲಿ ದೂರದಲ್ಲಿ ಕೂತು ಹೀಗೆ ಗುರುತಿಸಬಹುದು ಎಂದಿದ್ದೀರಿ.

ನನ್ನ ಪ್ರಶ್ನೆ: ವಸಂತಪುರದಲ್ಲಾದ ಒಂದು ಸಣ್ಣ ನಡುಕಕ್ಕೂ ಇದು ಅನ್ವಯಿಸುತ್ತದೆಯೇ?

ನಮ್ಮ ಬೀದಿಯ ಹಿಂದೆ ಅಪಾರ್ಟ್‌ಮೆಂಟ್ ಕಟ್ಟಲು ಬಂಡೆ ಸಿಡಿಸುತ್ತಿದ್ದಾರೆ. ಸಂಜೆ ಐದರಿಂದ ಆರರೊಳಗೆ ಮಾತ್ರ, ಅದೂ ಸೈರನ್ ಹಾಕಿ, ಸಿಡಿಸಬೇಕೆಂದು ಅಪ್ಪಣೆ. ಡಿಸೆಂಬರ್ ೧೯ರ ಗುರುವಾರ ಬೆಳಗ್ಗೆ ಹನ್ನೊಂದೂ ನಲವತ್ತಕ್ಕೆ ನೆಲ ನಡುಗಿ, ಜಾಗದ ಹಳೆಯ ಕಲ್ಲಿನ ಕಾಂಪೌಂಡ್ ಬಿತ್ತು. ಅದರ ಕೆಳಗೆ ಹೂವು ಮಾರುತ್ತಿದ್ದ ಮುನಿಲಕ್ಷ್ಮಮ್ಮನ ಎರಡೂ ಕಾಲು ಮುರಿಯಿತು. ಕಂಪನಿಯವರು ಅದು ಭೂಕಂಪ ಎನ್ನುತ್ತಾರೆ. ಬೀದಿಯವರು ಮದ್ದು ಹೊಡೆದರು ಎನ್ನುತ್ತಾರೆ. ಅಲ್ಲಿ ಮದ್ದು ಹೊಡೆಯುವ ಲೈಸೆನ್ಸ್ ಇರುವುದು ಯುವರಾಜ್ ಒಬ್ಬನಿಗೇ. ಪೊಲೀಸರು ಅವನನ್ನು ಹಿಡಿದರು. ಈಗ ಜಾಮೀನಿನ ಮೇಲೆ ಹೊರಗಿದ್ದಾನೆ.

ಯುವರಾಜ್ ನನ್ನ ಜೊತೆ ಉತ್ತರಹಳ್ಳಿಯ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಓದಿದವನು. ಹೋದ ವಾರ ಬಸ್ ಸ್ಟಾಪಿನಲ್ಲಿ ಸಿಕ್ಕಿದ್ದ. "ನಾನು ಅವತ್ತು ಹೊಡ್ದಿಲ್ಲ ಕಣೇ ಸುರಭಿ" ಎಂದ. ಅಷ್ಟೇ ಹೇಳಿ ಬೇರೆ ಬಸ್ಸು ಹತ್ತಿದ.

ಪೊಲೀಸರಿಗೆ ಬೀದಿಯವರು ಕೊಟ್ಟ ದೂರನ್ನು ಬರೆದವಳು ನಾನು. ಇಪ್ಪತ್ತೇಳು ಜನ ಸಹಿ ಹಾಕಿದ್ದಾರೆ.

ವಿಧೇಯಳು,
ಸುರಭಿ

*

ಜಯನಗರ ನಾಲ್ಕನೇ 'ಟಿ' ಬ್ಲಾಕ್
೧೫ ಜನವರಿ ೨೦೨೫

ಸುರಭಿಯವರಿಗೆ ಆಶೀರ್ವಾದಗಳು.

ಎಳ್ಳು ಬೆಲ್ಲ ಲಕೋಟೆಯಲ್ಲಿ ಕಳಿಸಿದರೆ ಅಂಚೆಯವನು ಬೈಯುತ್ತಾನೆ ಎಂದು ನನ್ನ ಹೆಂಡತಿ ತಡೆದಳು. ಕಾಗದದ ಮೇಲೇ ತೆಗೆದುಕೊಳ್ಳಿ. ಫೋನ್ ಮಾಡದೆ ಇದ್ದದ್ದು ಒಳ್ಳೆಯದಾಯಿತು. ಅವಳು ನಡುವೆ ನಿಂತು ಕಿರುಚಿ ಹೇಳುವಾಗ ಅರ್ಧ ತನ್ನ ಅಭಿಪ್ರಾಯವನ್ನೇ ಸೇರಿಸುತ್ತಾಳೆ.

ನಿಮ್ಮ ಪ್ರಶ್ನೆಗೆ ಉತ್ತರ: ತತ್ವ ಒಂದೇ. ಕಷ್ಟ ಬೇರೆ. ನಾನು ಮೂವತ್ತೊಂದು ವರ್ಷ ದಾಖಲೆ ಓದಿದ್ದು ಊರಾಚೆ, ಬರೀ ಬಂಡೆಯಿರುವ ಕಡೆ. ಇಲ್ಲಿ ಬಿ.ಎಂ.ಟಿ.ಸಿ. ಬಸ್ಸು ಹಂಪ್ ಹಾರಿದರೂ ಗೆರೆ ಕುಣಿಯುತ್ತದೆ. ಆದರೂ ನನ್ನ ಶಿಷ್ಯೆ ರೇಖಾ ನಗರದ ನಡುಕ ಅಳೆಯಲೆಂದು ಮೂರು ಸಣ್ಣ ಉಪಕರಣಗಳನ್ನು ಇಟ್ಟಿದ್ದಾಳೆ. ಒಂದು ಅವಳು ಪಾಠ ಮಾಡುವ ಜೆ.ಪಿ. ನಗರದ ಕಾಲೇಜಿನಲ್ಲಿ, ಒಂದು ಬನಶಂಕರಿಯಲ್ಲಿ ಅವಳ ತಂಗಿಯ ಮನೆಯಲ್ಲಿ, ಇನ್ನೊಂದು ನಮ್ಮ ಮನೆಯ ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಪಕ್ಕ. ಡಿಸೆಂಬರ್ ೧೯ರ ದಾಖಲೆ ತೆಗೆಸಿ ನೋಡುತ್ತೇನೆ. ಪರೀಕ್ಷೆಯ ಕಾಲ, ಅವಳಿಗೆ ಸಮಯ ಬೇಕು.

ಅಷ್ಟರಲ್ಲಿ ನೀವೊಂದು ಕೆಲಸ ಮಾಡಿ. ಅಂದು ನಿಮಗೆ ಏನು ಅನಿಸಿತು? ಒಂದೇ ಏಟು ಬಡಿದಂತೆಯೋ, ಎರಡು ಸಲ ಅಲುಗಿದಂತೆಯೋ? ದೂರಿನಲ್ಲಿ ಬರೆದದ್ದನ್ನು ತಿಳಿಸುವುದು ಬೇಡ. ನಿಮಗೆ ಅನಿಸಿದ್ದನ್ನು ಬರೆಯಿರಿ.

ಇತಿ ಹಿತೈಷಿ,
ಚಕ್ರಪಾಣಿ

*

ವಸಂತಪುರ
೨೬ ಜನವರಿ ೨೦೨೫

ಸರ್ ಅವರಿಗೆ ನಮಸ್ಕಾರಗಳು.

ಹತ್ತು ದಿನದಿಂದ ಪ್ರಯತ್ನಿಸುತ್ತಿದ್ದೇನೆ. ಅಂದು ರಜೆ ಹಾಕಿ ಮನೆಯಲ್ಲಿದ್ದೆ. ಕಿಟಕಿಯ ಪಕ್ಕ ಕೂತಿದ್ದೆ. ಮುಂದಿನದನ್ನು ನೆನೆಯಲು ಹೊರಟರೆ ದೂರಿನ ವಾಕ್ಯಗಳೇ ಬರುತ್ತವೆ. ನೀವು ಬೇಡ ಎಂದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಬಳಿ ಇರುವುದು ಅದೊಂದೇ.

'ಬೆಳಗ್ಗೆ ಹನ್ನೊಂದೂ ನಲವತ್ತಕ್ಕೆ ಸೈರನ್ ಮೊಳಗಿತು. ಅದು ನಿಲ್ಲುವ ಮೊದಲೇ ನೆಲದೊಳಗಿಂದ ಗುಡುಗಿದಂತಾಗಿ, ಅಡುಗೆಮನೆಯ ಪಾತ್ರೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಗಲಗಲಿಸಿದವು.'

ಲತಾಮಣಿ ಆಂಟಿಯ ಮನೆಯ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾಗ ಇದನ್ನು ಬರೆದದ್ದು. "ನೀನು ಕನ್ನಡ ಎಂ.ಎ. ಅಲ್ವಾ, ಪೊಲೀಸ್ರು ಓದಿದ್ ತಕ್ಷಣ ಎದ್ ನಿಲ್ಬೇಕು, ಹಂಗ್ ಬರಿ" ಎಂದರು. ಜೋರಾಗಿ ಓದಿದಾಗ ಎಲ್ಲರೂ ಸುಮ್ಮನಾದರು. ನಾನು ಬರೆದದ್ದನ್ನು ಇಷ್ಟು ಜನ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಖುಷಿಯಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ನಿಮ್ಮ ಪ್ರಶ್ನೆಯನ್ನು ಹಿಡಿದು ನಾಲ್ಕು ಮನೆಗಳಿಗೆ ಹೋದೆ. ಎಲ್ಲರ ಮನೆಯಲ್ಲೂ ಪಾತ್ರೆಗಳು 'ಒಂದಕ್ಕೊಂದು ಡಿಕ್ಕಿ ಹೊಡೆದಿವೆ'. ಲತಾಮಣಿ ಆಂಟಿ ಕೈಯಾಡಿಸಿ ತೋರಿಸಿಕೊಂಡು ಹೇಳುತ್ತಿದ್ದರೆ, ಅವರ ಗಂಡ ಪೇಪರಿನಿಂದ ತಲೆಯೆತ್ತಿ, "ನೀನು ಅವತ್ತು ಜಯನಗರ ಕಾಂಪ್ಲೆಕ್ಸಿಗೆ ಹೋಗಿದ್ದೆ ಕಣೆ, ಬ್ಲೌಸ್ ಪೀಸಿಗೆ" ಎಂದರು. ಆಂಟಿ, "ರೀ, ನೆಲ ನಡುಗಿದ್ದು ನನಗ್ ಗೊತ್ತಾಗಲ್ವಾ?" ಎಂದು ಗದರಿದರು.

ಒಂದು ಏಟೋ, ಎರಡು ಅಲುಗಾಟವೋ, ನನಗೆ ಗೊತ್ತಿಲ್ಲ ಸರ್. ಕ್ಷಮಿಸಿ.

ಸುರಭಿ

*

ಜಯನಗರ
೨೦ ಫೆಬ್ರವರಿ ೨೦೨೫

ಸುರಭಿಯವರಿಗೆ,

ರೇಖಾ ಮೂರೂ ದಾಖಲೆಗಳನ್ನು ಮುದ್ರಿಸಿ ತಂದುಕೊಟ್ಟಳು. ಎರಡು ದಿನ ಭೂತಗನ್ನಡಿ ಹಿಡಿದು ಕೂತೆ. ಹನ್ನೊಂದು ಗಂಟೆ ನಲವತ್ತೊಂದು ನಿಮಿಷಕ್ಕೆ ಮೂರು ಕಡೆಯೂ ಒಂದು ಸಣ್ಣ ನಡುಕವಿದೆ. ನೀವು ಹೇಳಿದ್ದು ಸುಳ್ಳಲ್ಲ.

ಜೆ.ಪಿ. ನಗರದಲ್ಲಿ ಗೆರೆ ಮೊದಲು ಮೇಲಕ್ಕೆ ಹೊರಳಿದೆ. ನಮ್ಮ ಮನೆಯದರಲ್ಲಿ ಗದ್ದಲ ಹೆಚ್ಚು, ಆದರೂ ಮೇಲಕ್ಕೆ ಎನ್ನಬಹುದು. ಬನಶಂಕರಿಯಲ್ಲಿ ಸ್ಪಷ್ಟವಾಗಿ ಕೆಳಕ್ಕೆ. ಸ್ಫೋಟ ಯಾವ ದಿಕ್ಕಿನ ನೆಲವನ್ನೂ ತನ್ನ ಕಡೆಗೆ ಎಳೆದುಕೊಳ್ಳುವುದಿಲ್ಲ. ಇದು ಸ್ಫೋಟವಲ್ಲ. ಬಂಡೆ ತಾನಾಗಿ ಜಾರಿದ ಸಣ್ಣ ಭೂಕಂಪ. ನಿಮ್ಮ ಸ್ನೇಹಿತ ನಿಜ ಹೇಳಿದ್ದಾನೆ.

ಕರಡಿನಲ್ಲಿ ನೀವು 'ಕಂಪನ'ವನ್ನು ಅಲ್ಲಲ್ಲಿ 'ನಡುಕ' ಎಂದು ತಿದ್ದಿದ್ದು ನನಗೆ ಒಪ್ಪಿಗೆ.

ಚಕ್ರಪಾಣಿ

*

ವಸಂತಪುರ
೩ ಮಾರ್ಚ್ ೨೦೨೫

ಸರ್,

ನಿಮ್ಮ ಕಾಗದವನ್ನು ಪ್ರೆಸ್ಸಿನಲ್ಲಿಯೇ ನಾಲ್ಕು ಸಲ ಓದಿದೆ. ಸಂಜೆ ನೇರವಾಗಿ ಯುವರಾಜನ ಮನೆಗೆ ಹೋದೆ. ಅವರ ಮನೆ ನಮ್ಮ ಬೀದಿಯ ಕೊನೆಯಲ್ಲಿ, ಹಳೇ ಊರು ಶುರುವಾಗುವಲ್ಲಿದೆ. ಹತ್ತು ವರ್ಷ ಒಂದೇ ತರಗತಿಯಲ್ಲಿ ಕೂತಿದ್ದರೂ ನಾನು ಅವರ ಜಗಲಿ ದಾಟಿ ಒಳಗೆ ಹೋದದ್ದು ಅದೇ ಮೊದಲು. ಅವನ ಅಮ್ಮ ಈಶ್ವರಮ್ಮ, "ಕೂತ್ಕೊಳವ್ವ" ಎಂದು ಕುರ್ಚಿಯನ್ನು ಸೆರಗಿನಿಂದ ಒರೆಸಿದರು. ಅದು ಚೊಕ್ಕಟವಾಗಿಯೇ ಇತ್ತು.

ನಾನು ಓದಿ ಹೇಳಿದೆ. ಈಶ್ವರಮ್ಮ ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಕೈ ಮುಗಿದರು. ಯುವರಾಜ್ ಮಾತ್ರ, "ಭೂಕಂಪಾನಾ? ಹಂಗಂತ ಮಿಷಿನ್ ಹೇಳ್ತಾ?" ಎಂದ. ಹೌದು ಎಂದೆ. "ಗ್ಯಾರಂಟೀನಾ?" ಎಂದು ಮತ್ತೆ ಕೇಳಿದ. ನೆಮ್ಮದಿಪಡುತ್ತಾನೆ ಎಂದುಕೊಂಡಿದ್ದೆ. ಅವನು ತನ್ನ ಅಂಗೈ ನೋಡಿಕೊಳ್ಳುತ್ತ ಕೂತುಬಿಟ್ಟ. ಯಾಕೆಂದು ಅರ್ಥವಾಗಲಿಲ್ಲ.

ದೂರು ವಾಪಸ್ ತೆಗೆದುಕೊಳ್ಳೋಣ ಎಂದು ಬೀದಿಯವರನ್ನು ಕೇಳಿದರೆ ಯಾರೂ ಒಪ್ಪಲಿಲ್ಲ. "ಕಂಪನಿಯೋರೂ ಭೂಕಂಪ ಅಂತಾರೆ, ನೀನೂ ಭೂಕಂಪ ಅಂತೀಯ. ನಿನಗೆಷ್ಟು ಫ್ಲ್ಯಾಟ್ ಕೊಟ್ರಮ್ಮ?" ಎಂದರು ನಿವೃತ್ತ ಹೆಡ್‌ಮಾಸ್ಟರರು. ಎಲ್ಲರೂ ನಕ್ಕರು. "ಮತ್ತೆ ಸೈರನ್ನು? ಭೂಕಂಪ ಸೈರನ್ ಹಾಕ್ಕೊಂಡ್ ಬರುತ್ತಾ? ನೀನೇ ಅಲ್ವೇನೇ ಬರ್ದಿದ್ದು?" ಎಂದರು ಲತಾಮಣಿ ಆಂಟಿ.

ನಾನೇ ಬರೆದದ್ದು. ಮನೆಗೆ ಬಂದೆ.

ಸುರಭಿ

*

ಜಯನಗರ
೧೨ ಏಪ್ರಿಲ್ ೨೦೨೫

ಸುರಭಿ,

ಈ ಕಾಗದ ಬರೆಯುವುದನ್ನು ಮೂರು ದಿನದಿಂದ ಮುಂದೂಡುತ್ತಿದ್ದೇನೆ.

ಮಾರ್ಚ್ ೨೮ರಂದು ಮ್ಯಾನ್ಮಾರ್‌ನಲ್ಲಿ ದೊಡ್ಡ ಭೂಕಂಪವಾದದ್ದನ್ನು ಓದಿರುತ್ತೀರಿ. ಅಷ್ಟು ದೂರದಿಂದ ಬಂದ ಅಲೆ ನಮ್ಮ ಮೂರು ಉಪಕರಣಗಳಿಗೂ ಒಂದೇ ಬಗೆಯಲ್ಲಿ ತಾಗಬೇಕು. ಜೆ.ಪಿ. ನಗರ, ಜಯನಗರ, ಬನಶಂಕರಿ ಅದಕ್ಕೆ ಒಂದೇ ಅಂಗಳ. ಎರಡು ಉಪಕರಣ ಒಂದೇ ರೀತಿ ಬರೆದಿವೆ. ಬನಶಂಕರಿಯದು ಮಾತ್ರ ಅದೇ ಅಲೆಯನ್ನು ತಲೆಕೆಳಗಾಗಿ ಬರೆದಿದೆ.

ರೇಖಾ ಹೋಗಿ ಬಿಚ್ಚಿ ನೋಡಿದಳು. ಒಳಗಿನ ಎರಡು ತಂತಿಗಳು ಅದಲುಬದಲಾಗಿದ್ದವು. ಅದರ ಮೇಲು ಕೆಳಗಾಗಿತ್ತು, ಕೆಳಗು ಮೇಲಾಗಿತ್ತು. ಎರಡು ವರ್ಷದ ಹಿಂದೆ ಆ ತಂತಿ ಜೋಡಿಸಿದವನು ನಾನೇ. ರೇಖಾ, "ನಾನೂ ನೋಡ್ಬೇಕಿತ್ತು ಸಾರ್" ಎಂದಳು. ಅದು ಅವಳ ದೊಡ್ಡತನ.

ಸರಿಪಡಿಸಿ ಓದಿದರೆ ಮೂರು ಕಡೆಯೂ ಗೆರೆ ಮೇಲಕ್ಕೇ ಹೋಗಿದೆ. ಮೊದಲ ಅಲೆಯ ಹಿಂದೆ ಬರುವ ಎರಡನೇ ಅಲೆ ಭೂಕಂಪದಲ್ಲಿ ದೊಡ್ಡದಿರುತ್ತದೆ. ಇಲ್ಲಿ ಮೂರರಲ್ಲೂ ಬಡಕಲಾಗಿತ್ತು. ಅದನ್ನು ಫೆಬ್ರವರಿಯಲ್ಲಿಯೇ ಕಂಡಿದ್ದೆ. ನಿಮಗೆ ಒಳ್ಳೆಯ ಸುದ್ದಿ ಬರೆಯುವ ಆತುರದಲ್ಲಿ ಬದಿಗಿಟ್ಟೆ. ಕೆಲಸದಲ್ಲಿದ್ದಷ್ಟು ಕಾಲವೂ ಪ್ರತಿ ವರದಿಯಲ್ಲಿ 'ಬಹುಶಃ' ಎಂದು ಬರೆಯುತ್ತಿದ್ದವನು ನಾನು. ನಿಮಗೆ ಬರೆದ ಕಾಗದದಲ್ಲಿ ಅದೊಂದು ಪದ ಬಿಟ್ಟುಹೋಯಿತು.

ಅದು ಸ್ಫೋಟ. ಬಹುಶಃ ಎನ್ನಬೇಕಾದ ಅನುಮಾನವೂ ಈಗ ಉಳಿದಿಲ್ಲ. ಸಾವಿರಾರು ಜನ ಸತ್ತ ಒಂದು ದಿನದ ದಾಖಲೆ ಹಿಡಿದು ನಾನು ನನ್ನ ಎರಡು ತಂತಿಗಳ ತಪ್ಪು ಹುಡುಕಿದೆ. ಅದೂ ಮನಸ್ಸಿಗೆ ಹಿಡಿಸುತ್ತಿಲ್ಲ.

ಚಕ್ರಪಾಣಿ

*

ವಸಂತಪುರ
೧೯ ಏಪ್ರಿಲ್ ೨೦೨೫

ಯುವರಾಜ್,

ನಿನ್ನ ಮನೆಗೆ ಎರಡು ಸಲ ಬಂದೆ. ನೀನು ರಾಮನಗರದ ಕಡೆ ಕೆಲಸಕ್ಕೆ ಹೋಗಿದ್ದೀಯ ಎಂದು ಅಮ್ಮ ಹೇಳಿ, ಈ ವಿಳಾಸ ಕೊಟ್ಟರು. ಫೋನ್ ಮಾಡಿದರೆ ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು.

ಉಪಕರಣದ ತಂತಿ ತಪ್ಪಾಗಿತ್ತಂತೆ. ಅದು ಭೂಕಂಪ ಅಲ್ಲವಂತೆ. ಮದ್ದೇ ಸಿಡಿದದ್ದು.

ನಾನು ಹೋಗಿ ಹೇಳಿದಾಗ ನೀನು ಯಾಕೆ ಅಂಗೈ ನೋಡಿಕೊಂಡೆ? ನೀನು ಹೊಡೆದಿಲ್ಲ ಎಂದದ್ದನ್ನು ನಂಬಲೋ, ಯಂತ್ರವನ್ನು ನಂಬಲೋ? ಎರಡನ್ನೂ ಒಟ್ಟಿಗೆ ನಂಬುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಒಂದು ಸಾಲು ಬರೆ.

ಸುರಭಿ

*

ರಾಮನಗರ
೬ ಮೇ ೨೦೨೫

ಸುರಭಿ,

ನಿನ್ ಲೆಟರ್ ಬಂತು. ನನ್ ಕನ್ನಡ ನಿಂಗೆ ಗೊತ್ತಲ್ಲ, ತಪ್ಪಿದ್ರೆ ತಿದ್ಕೊ. ನಿನ್ ಕೆಲ್ಸಾನೇ ಅದು.

ನಾನು ಗುರುವಾರ ಹೊಡ್ದಿಲ್ಲ. ಇದು ನಿಜ. ಮದ್ದು ಸಿಡೀತು. ಇದೂ ನಿಜ. ಎರಡೂ ನಂಬು.

ಬುಧವಾರ ಸಂಜೆ ಹದಿನಾಲ್ಕು ಕುಳಿಗೆ ಮದ್ದು ತುಂಬಿ ಬತ್ತಿ ಹಚ್ಚಿದ್ದೆ. ಒಂದೊಂದೇ ಸಿಡಿಯುತ್ತೆ, ನಾವು ದೂರ ನಿಂತ್ಕೊಂಡು ಸದ್ದು ಎಣಿಸ್ತೀವಿ. ನಮ್ಮಪ್ಪ ಬೈಲಪ್ಪ ಬಂಡೆ ಕೆಲ್ಸದಲ್ಲೇ ಬೆರಳು ಕಳ್ಕೊಂಡೋನು. ಹೇಳ್ತಿದ್ದ, ಎಣಿಸೋವಾಗ ಯಾರಾದ್ರೂ ಕರೆದ್ರೂ ತಿರುಗ್ಬೇಡ ಅಂತ. ಅವತ್ತು ಇಂಜಿನಿಯರ್ರು ಬಂದು ಬೇಗ ಮುಗ್ಸೋ ಅಂದ. ನಾನು ತಿರುಗ್ದೆ. ಹದಿಮೂರು ಕೇಳಿಸ್ತೋ ಹದಿನಾಲ್ಕೋ, ಇವತ್ತಿಗೂ ಗೊತ್ತಿಲ್ಲ. ಕೆಲವು ಸಲ ಎರಡು ಒಟ್ಟಿಗೇ ಸಿಡಿಯುತ್ತೆ, ಹಂಗೇ ಇರ್ಬೇಕು ಅಂದ್ಕೊಂಡೆ. ಅನುಮಾನ ಇದ್ರೆ ಮದ್ದಿನ ಲೆಕ್ಕದ ಪುಸ್ತಕದಲ್ಲಿ ಬರ್ದು, ಕೆಂಪು ಬಾವುಟ ನೆಟ್ಟು, ಮಾರನೇ ದಿನ ಯಾರನ್ನೂ ಒಳಗೆ ಬಿಡ್ಬಾರ್ದು. ನಾನು ಬರೀಲಿಲ್ಲ.

ಬೆಳಗ್ಗೆ ಹನಮಂತ ಅನ್ನೋನು ಕಲ್ಲು ಒಡೆಯೋ ಮಿಷಿನ್ ಇಳಿಸ್ದ. ಸಿಡೀದೆ ಉಳಿದಿದ್ದ ಕುಳಿಗೇ ಅದರ ಮೂತಿ ತಾಗಿರ್ಬೇಕು. ಅವನ ಕ್ಯಾಬಿನ್ ಗ್ಲಾಸೆಲ್ಲ ಪುಡಿ. ಕಂಪನಿಯೋರು ಅವತ್ತೇ ಅವನನ್ನ ಊರಿಗೆ ಬಸ್ ಹತ್ತಿಸಿದ್ರು. ನಾನು ಆ ಹೊತ್ತಲ್ಲಿ ಉತ್ತರಹಳ್ಳೀಲಿ ಇಡ್ಲಿ ತಿಂತಿದ್ದೆ. ಸದ್ದು ಕೇಳಿದ್ ತಕ್ಷಣ ಮನ್ಸಲ್ಲಿ ಹದಿನಾಲ್ಕು ಅಂದೆ.

ನೀನು ಭೂಕಂಪ ಅಂದಾಗ ಒಂದು ಗಳಿಗೆ ಬದುಕ್ದೆ ಅನ್ನಿಸ್ತು. ಅದಕ್ಕೇ ಗ್ಯಾರಂಟೀನಾ ಅಂದಿದ್ದು.

ಒಂದು ಮಾತು. ಪೊಲೀಸ್ರು ಎಲ್ಲಾ ಕೇಳಿ ಕೊನೆಗೆ ನಿನ್ ಪೇಪರ್ ತೋರಿಸ್ತಾರೆ. ಸೈರನ್ ಹಾಕಿದೀಯ ಅಂದ್ರೆ ಬೇಕೂಂತ್ಲೇ ಹೊಡ್ದಿದೀಯ, ಇಪ್ಪತ್ತೇಳು ಜನ ಕೇಳಿಸ್ಕೊಂಡಿದಾರೆ, ಸುಳ್ಳು ಹೇಳ್ಬೇಡ ಅಂತಾರೆ. ಸೈರನ್ ಬೀಗದ ಕೈ ನನ್ ಜೇಬಲ್ಲಿತ್ತು. ನೀನು ಅದನ್ನ ಕೇಳಿಸ್ಕೊಂಡ್ಯಾ?

ಯುವರಾಜ್

*

ವಸಂತಪುರ
೨೭ ಮೇ ೨೦೨೫

ಚಕ್ರಪಾಣಿ ಸರ್ ಅವರಿಗೆ ನಮಸ್ಕಾರಗಳು.

ಇಷ್ಟು ದಿನ ಉತ್ತರಿಸದೆ ಇದ್ದದ್ದು ಕೋಪದಿಂದಲ್ಲ. ಮೊದಲ ವಾರ ಸ್ವಲ್ಪ ಕೋಪವಿತ್ತು. ಯುವರಾಜನ ಕಾಗದದ ಪ್ರತಿಯನ್ನು ಅವನನ್ನು ಕೇಳಿಯೇ ಇದರೊಂದಿಗೆ ಇಟ್ಟಿದ್ದೇನೆ. ನಿಮ್ಮ ಮೂರು ಗೆರೆಗಳು ಸರಿ. ಅವನು ಹೇಳಿದ್ದೂ ಸರಿ. ತಪ್ಪಾಗಿದ್ದದ್ದು ನನ್ನ ವಾಕ್ಯ.

ಅವನ ಪ್ರಶ್ನೆಗೆ ಬಹಳ ದಿನ ಉತ್ತರ ಸಿಗಲಿಲ್ಲ. ಸೈರನ್ ಕೇಳಿಸಿತ್ತೇ? ಕಣ್ಣು ಮುಚ್ಚಿದರೆ ಕೇಳಿಸುತ್ತದೆ. ಆದರೆ ಅದು ನಾನು ದಿನವೂ ಸಂಜೆ ಐದಕ್ಕೆ ಕೇಳುವ ಸೈರನ್ನೋ, ಅಂದಿನದೋ? ಕೊನೆಗೆ, ಅಂದು ಗೋಡೆಯ ಕೆಳಗೇ ಇದ್ದವರನ್ನು ನಾವ್ಯಾರೂ ಕೇಳಿಲ್ಲ ಎಂದು ಹೊಳೆಯಿತು. ಹೇಳಲು ಕಷ್ಟವಾಗುತ್ತದೆ ಸರ್: ಮುನಿಲಕ್ಷ್ಮಮ್ಮನ ಹೆಸರಿನಲ್ಲಿ ಎರಡು ಪುಟ ಬರೆದೆ, ಐದು ತಿಂಗಳು ಅವರನ್ನು ಒಮ್ಮೆಯೂ ನೋಡಲು ಹೋಗಿರಲಿಲ್ಲ.

ಈಗ ಅವರು ಶ್ರೀನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ವಾಕರ್ ಹಿಡಿದು ನಡೆಯುತ್ತಾರೆ. ಕೂತಲ್ಲೇ ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದರು. ಸೈರನ್ ಕೂಗಿತ್ತಾ ಎಂದು ಕೇಳಿದೆ. ದಾರವನ್ನು ಹಲ್ಲಿನಿಂದ ಕಡಿದು, "ಅದು ಕೂಗಿದ್ರೆ ನಾನ್ಯಾಕವ್ವ ಅಲ್ಲಿ ಕೂತಿರ್ತಿದ್ದೆ?" ಎಂದರು. "ದಿನಾ ಕೂಗ್ದಾಗ ಬುಟ್ಟಿ ಎತ್ಕೊಂಡು ಅರಳಿಕಟ್ಟೆ ತಾವ ಹೋಯ್ತಿದ್ದೆ. ಅಷ್ಟೂ ಬುದ್ಧಿ ಇಲ್ವಾ ನಂಗೆ?"

"ಪೊಲೀಸರಿಗೆ ಹೇಳಲಿಲ್ಲವಾ?" ಎಂದೆ.

"ಬಂದ್ರು, ಕಾಲು ನೋಡಿದ್ರು, ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ಯಾರು ಕೇಳಿದ್ರು ಅದನ್ನ? ನೀನ್ ಕೇಳ್ದ್ಯಾ?"

ಅಷ್ಟು ಹೇಳಿ ಒಂದು ಮೊಳ ಹೂವು ಕೊಟ್ಟರು. ಬೇಡವೆನ್ನಲು ಧೈರ್ಯವಾಗಲಿಲ್ಲ.

ಸೈರನ್ನನ್ನು ನಾನೇ ಸೇರಿಸಿದ್ದೆ. ಸುಳ್ಳು ಹೇಳಬೇಕೆಂದಲ್ಲ. ಸ್ಫೋಟ ಎಂದರೆ ಮೊದಲು ಸೈರನ್ ಇರುತ್ತದೆ, ವಾಕ್ಯ ಹಾಗೆ ಶುರುವಾದರೆ ತೂಕ ಬರುತ್ತದೆ ಎಂದು ಕೈ ತಾನೇ ಬರೆಯಿತು. ಹೊಸ ಹೇಳಿಕೆ ಬರೆದೆ. ಸೈರನ್ ಕೇಳಿದ್ದು ನನಗೆ ನೆನಪಿಲ್ಲ, ಆ ಮಾತನ್ನು ಊಹಿಸಿ ಬರೆದವಳು ನಾನು, ಉಳಿದವರು ನಾನು ಓದಿದ್ದನ್ನು ಕೇಳಿ ಸಹಿ ಹಾಕಿದವರು. ನಾಲ್ಕೇ ಸಾಲು. ಲತಾಮಣಿ ಆಂಟಿಗೆ ಓದಿ ತೋರಿಸಿದರೆ, "ಹಂಗಾದ್ರೆ ನಾವೆಲ್ಲ ಸುಳ್ಳರಾ?" ಎಂದರು. ನಂತರ ಕಾಫಿಗೂ ಕರೆದಿಲ್ಲ.

ಹೋದ ಭಾನುವಾರ ಯುವರಾಜ್ ಬಂದಿದ್ದ. ತಾನೂ ಒಂದು ಹೇಳಿಕೆ ಕೊಡಬೇಕು, ನೀನೇ ಬರೆದುಕೊಡು ಎಂದ. "ಆದ್ರೆ ನಾನ್ ಹೇಳಿದಷ್ಟೇ ಬರೀಬೇಕು." ಅವರ ಮನೆಯಲ್ಲಿ, ಅದೇ ಕುರ್ಚಿಯಲ್ಲಿ ಕೂತು ಬರೆದೆ. 'ಸಂಜೆಯ ಗಡಿಬಿಡಿಯಲ್ಲಿ' ಎಂದು ಶುರು ಮಾಡಿದ್ದೆ. ಬಗ್ಗಿ ನೋಡಿ, "ಗಡಿಬಿಡಿ ಅಂತ ನಾನ್ ಹೇಳಿದ್ನಾ?" ಎಂದ. ಹೊಡೆದುಹಾಕಿದೆ. ಇಂಜಿನಿಯರ್ ಕರೆದ ವಿಷಯ ಸೇರಿಸು ಎಂದೆ. "ಕರೆದ. ತಿರುಗಿದ್ದು ನಾನು. ಎರಡೂ ಬರಿ" ಎಂದ.

'ಹದಿನಾಲ್ಕು ಕುಳಿ ತುಂಬಿದ್ದೆ. ಎಷ್ಟು ಸಿಡಿದವೋ ಸರಿಯಾಗಿ ಎಣಿಸಲಿಲ್ಲ. ಅನುಮಾನವಿದ್ದರೂ ಪುಸ್ತಕದಲ್ಲಿ ಬರೆಯಲಿಲ್ಲ.'

ಇಲ್ಲಿಗೆ ನಾನು ಪೆನ್ನು ಕೆಳಗಿಟ್ಟೆ. "ಇದನ್ನ ಕೊಟ್ರೆ ಲೈಸೆನ್ಸ್ ಹೋಗುತ್ತೆ ಅಲ್ವಾ?"

"ಹೋಗುತ್ತೆ."

"ಕೇಸೂ ನಿನ್ ಮೇಲೇ ಗಟ್ಟಿಯಾಗುತ್ತೆ."

"ಹನಮಂತ ಸತ್ತೋಗಿದ್ರೆ?" ಎಂದ. "ಬರಿ ಮಾರಾಯ್ತಿ."

ಈಶ್ವರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಬರೆಯಬೇಡ ಎನ್ನುತ್ತಾರೆ ಎಂದು ಒಂದು ಕ್ಷಣ ಆಸೆಪಟ್ಟೆ. ಅವರು ಒಲೆಯ ಕಡೆ ತಿರುಗಿದರು.

ಸೋಮವಾರ ಇಬ್ಬರೂ ಒಂದೇ ಆಟೋದಲ್ಲಿ ಠಾಣೆಗೆ ಹೋದೆವು. ನನ್ನ ಕೈಯಲ್ಲಿ ಅವನನ್ನು ಬಿಡಿಸುವ ಕಾಗದ, ಅವನ ಕೈಯಲ್ಲಿ ಅವನನ್ನು ಸಿಕ್ಕಿಸುವ ಕಾಗದ, ಎರಡೂ ನನ್ನ ಅಕ್ಷರದಲ್ಲಿ. ದಾರಿಯುದ್ದಕ್ಕೂ, ನನ್ನದನ್ನು ಮೊದಲು ಕೊಟ್ಟರೆ ಅವನು ಮನಸ್ಸು ಬದಲಿಸಬಹುದು, ಬದಲಿಸಲಿ ಎಂದುಕೊಳ್ಳುತ್ತಿದ್ದೆ. ಬದಲಿಸಿದರೆ ಅವನ ಬಗ್ಗೆ ಏನೆಂದುಕೊಳ್ಳುತ್ತೇನೋ ಎಂದೂ ಹೆದರುತ್ತಿದ್ದೆ. ಒಳಗೆ ಹೋದಾಗ ರೈಟರ್ ತಲೆಯೆತ್ತದೆ, "ಯಾರದ್ರೀ ಮೊದಲು?" ಎಂದರು.

ನಾನು ಕೈ ಚಾಚುವಷ್ಟರಲ್ಲಿ ಅವನು ತನ್ನದನ್ನು ಮೇಜಿನ ಮೇಲಿಟ್ಟಿದ್ದ.

ನಿಮ್ಮ,
ಸುರಭಿ